ಕಾದಿದವನ ಕಾವ್ಯದಲ್ಲಿ ವೈರಿಯ ಮುಖ

ಯುದ್ಧದ ಬಗ್ಗೆ ಬರೆದವರಲ್ಲಿ ಎರಡು ಬಗೆಯವರಿದ್ದಾರೆ. ಕೇಳಿ ಬರೆದವರು ಒಂದು ಬಗೆ. ರಣದಲ್ಲಿ ನಿಂತು, ಬದುಕಿ ಬಂದು ಬರೆದವರು ಇನ್ನೊಂದು ಬಗೆ. ಮೊದಲನೆಯವರ ಬರಹದಲ್ಲಿ ಕಹಳೆ, ಧ್ವಜ, ಜಯಘೋಷ ಎಲ್ಲವೂ ಇರುತ್ತವೆ. ವೈರಿ ಮಾತ್ರ ಹೆಸರಿಲ್ಲದ, ಮುಖವಿಲ್ಲದ ಒಂದು ಗುಂಪಾಗಿರುತ್ತಾನೆ. ಎರಡನೆಯವರ ಬರಹದಲ್ಲಿ ವೈರಿಗೆ ಮುಖವಿರುತ್ತದೆ, ತಾಯಿಯಿರುತ್ತಾಳೆ, ಅವನಿಗೂ ಒಂದು ಮಾತಿನ ಕಟ್ಟು ಇರುತ್ತದೆ. ಕೊಂದವನಿಗೇ ಕೊಲ್ಲಿಸಿಕೊಂಡವನ ಮೇಲೆ ಇಷ್ಟೊಂದು ಗೌರವ ಏಕೆ ಎಂಬ ಪ್ರಶ್ನೆ ಲೋಕದ ಸಾಹಿತ್ಯದಲ್ಲಿ ಬಹಳ ಹಳೆಯದು. ಇದಕ್ಕೆ ಉತ್ತರ ಹುಡುಕಲು ನಾವು ಗ್ರೀಸಿಗೋ ಇಂಗ್ಲೆಂಡಿಗೋ ಮೊದಲು ಹೋಗಬೇಕಾಗಿಲ್ಲ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಬಸ್ ನಿಲ್ದಾಣದಲ್ಲಿ ಇಳಿದರೂ ಸಾಕು.

ಬೆಳ್ವೊಲದ ನಂಟು

ಕನ್ನಡದ ಆದಿಕವಿಯೆಂದು ನಾವು ಶಾಲೆಯಿಂದಲೇ ಓದಿಕೊಂಡು ಬಂದ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಈ ಸಂಗತಿ ತಿಳಿದದ್ದು ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬಂಡೆಯೊಂದರ ಶಾಸನದಿಂದ. ಅದನ್ನು ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಂದೇ ಬಂಡೆಯ ಮೇಲೆ ಕುಳಿತಿರುವ ಶಾಸನವದು. ತಂದೆಯ ಕಡೆಯವರು ವೆಂಗಿಮಂಡಲದ ಬ್ರಾಹ್ಮಣರು. ತಂದೆ ಜೈನ ಧರ್ಮವನ್ನು ಸ್ವೀಕರಿಸಿದ. ಅಣ್ಣಿಗೇರಿಯೇ ಪಂಪನ ಹುಟ್ಟೂರು ಎನ್ನುವವರೂ ಇದ್ದಾರೆ. ಆ ವಾದ ಹೇಗೇ ಇರಲಿ, ಅವನಿಗೆ ಈ ನೆಲದ ಕರುಳಿನ ನಂಟಿರುವುದಂತೂ ನಿಜ. ತನ್ನ ಕಾವ್ಯದ ಕನ್ನಡವು ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಕನ್ನಡದ ತಿರುಳೆಂದು ಅವನೇ ಹೇಳಿಕೊಂಡಿದ್ದಾನೆ. ಲಕ್ಷ್ಮೇಶ್ವರ ಅಣ್ಣಿಗೇರಿಗೆ ಬಹಳ ದೂರದ ಊರಲ್ಲ.

ಈ ಸೀಮೆಗೆ ಆಗ ಬೆಳ್ವೊಲ ಮುನ್ನೂರು ಎಂಬ ಹೆಸರಿತ್ತು. ಅಣ್ಣಿಗೇರಿ ಅದರ ಮುಖ್ಯ ಪಟ್ಟಣ. ಕರಿ ಎರೆಭೂಮಿ, ಹಿಂಗಾರಿ ಜೋಳ, ಕಡಲೆ. ಹೆಸರೇ ಹೇಳುವಂತೆ ಬೆಳೆಯ ಹೊಲ. ಬೆಳೆಯುವ ನೆಲಕ್ಕೆ ಕಣ್ಣಿಡುವವರು ಹೆಚ್ಚು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಚೋಳರು, ಕಲಚುರಿಗಳು, ಹೊಯ್ಸಳರು, ಸೇವುಣರು ಎಲ್ಲರ ದಂಡುಗಳೂ ಈ ಜೋಳದ ಹೊಲಗಳನ್ನು ತುಳಿದು ಹೋಗಿವೆ. ಹೀಗೆ ದಂಡು ಹಾಯುವ ದಾರಿಯಲ್ಲಿದ್ದ ಸೀಮೆಯೊಂದಿಗೆ ನಂಟಿದ್ದವನು ಮುಂದೆ ಕವಿಯಾಗುವ ಜೊತೆಗೆ ಯೋಧನೂ ಆದ.

ಪಂಪ ಹುಟ್ಟಿದ್ದು ಕ್ರಿ.ಶ. 902ರಲ್ಲಿ. ಅವನು ಆಶ್ರಯ ಪಡೆದದ್ದು ರಾಷ್ಟ್ರಕೂಟರ ಸಾಮಂತನಾಗಿದ್ದ ವೇಮುಲವಾಡದ ಚಾಲುಕ್ಯ ಅರಿಕೇಸರಿಯಲ್ಲಿ. ತಾನು ಬರಿಯ ಆಸ್ಥಾನ ಕವಿಯಲ್ಲ, ಒಡೆಯನ ಜೊತೆ ರಣಕ್ಕಿಳಿದವನು ಎಂಬ ಅಭಿಮಾನ ಅವನ ಮಾತಿನಲ್ಲಿ ಕಾಣುತ್ತದೆ. ಕವಿಯೂ ಹೌದು, ಕಲಿಯೂ ಹೌದು ಎಂದು ವಿದ್ವಾಂಸರು ಅವನನ್ನು ಕರೆಯುತ್ತ ಬಂದದ್ದು ಇದಕ್ಕಾಗಿ. 930ರ ದಶಕದಲ್ಲಿ ಅರಿಕೇಸರಿ ರಾಷ್ಟ್ರಕೂಟ ಚಕ್ರವರ್ತಿ ನಾಲ್ಕನೆಯ ಗೋವಿಂದನ ಎದುರೇ ನಿಂತ. ಶರಣು ಬಂದ ವಿಜಯಾದಿತ್ಯನೆಂಬ ಅರಸನನ್ನು ಚಕ್ರವರ್ತಿಗೆ ಒಪ್ಪಿಸಲು ನಿರಾಕರಿಸಿದ್ದು ಆ ಹಗೆತನದ ಒಂದು ಎಳೆ. ನಂಬಿ ಬಂದವನನ್ನು ಕಾಯುವುದು ರಾಜ್ಯಕ್ಕಿಂತ ದೊಡ್ಡದು ಎಂಬ ಈ ಪ್ರಸಂಗವನ್ನು ಪಂಪ ಹೆಮ್ಮೆಯಿಂದ ದಾಖಲಿಸಿದ್ದಾನೆ. ಆ ವರ್ಷಗಳ ಕದನಗಳನ್ನು ಅವನು ಕಣ್ಣಾರೆ ಕಂಡಿರಬೇಕು. ಅದಾಗಿ ಕೆಲವೇ ವರ್ಷಗಳಲ್ಲಿ, 941ರಲ್ಲಿ, ‘ಆದಿಪುರಾಣ’ ಮತ್ತು ‘ವಿಕ್ರಮಾರ್ಜುನ ವಿಜಯ’ ಎಂಬ ಅವನ ಎರಡೂ ಕಾವ್ಯಗಳು ಸಿದ್ಧವಾದವು.

ಅರ್ಜುನನ ಕಥೆಯಲ್ಲಿ ಕರ್ಣ

‘ವಿಕ್ರಮಾರ್ಜುನ ವಿಜಯ’ ಒಂದು ಒಪ್ಪಂದದ ಕಾವ್ಯ. ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಭಾರತವನ್ನು ಹೇಳಬೇಕಿತ್ತು. ಪಂಪ ಹಾಗೆಯೇ ಹೇಳಿದ. ಅರ್ಜುನನಿಗೆ ಅರಿಕೇಸರಿಯ ಬಿರುದುಗಳನ್ನೆಲ್ಲ ತೊಡಿಸಿದ. ಇದಕ್ಕೆ ಪ್ರತಿಯಾಗಿ ಧರ್ಮವುರವೆಂಬ ಅಗ್ರಹಾರವನ್ನೂ ಪಡೆದ. ಒಪ್ಪಂದದ ದೃಷ್ಟಿಯಿಂದ ಅರ್ಜುನನ ವೈರಿಯಾದ ಕರ್ಣನನ್ನು ಕೀಳಾಗಿ ಚಿತ್ರಿಸಿದ್ದರೆ ಒಡೆಯನಿಗೆ ಸಂತೋಷವೇ ಆಗುತ್ತಿತ್ತು. ಆದರೆ ಕಾವ್ಯ ಓದಿದವರಿಗೆಲ್ಲ ಗೊತ್ತು, ಅದರ ಹೃದಯ ಇರುವುದು ಕರ್ಣನಲ್ಲಿ. ಕರ್ಣ ಸತ್ತ ಮೇಲೆ ಕವಿ ಕಥೆಯನ್ನು ನಿಲ್ಲಿಸಿ ಓದುಗರ ಕಡೆಗೇ ತಿರುಗಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂಬರ್ಥದ ಮಾತನ್ನಾಡುತ್ತಾನೆ. ಮಗನನ್ನು ಕಳೆದುಕೊಂಡ ಸೂರ್ಯ, ಸತ್ತವರಿಗಾಗಿ ನೀರಿಗಿಳಿಯುವ ತಂದೆಯಂತೆ ಪಡುವಣ ಕಡಲಿಗೆ ಇಳಿಯುತ್ತಾನೆ. ಆ ಸಂಜೆ ಗೆದ್ದವರ ಪಾಳೆಯದ ಸಂಭ್ರಮ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ, ಮುಳುಗುವ ಸೂರ್ಯ ಉಳಿಯುತ್ತಾನೆ.

ಕಾವ್ಯದ ಕೊನೆಯಲ್ಲಿ ಭಾರತಕ್ಕೆ ಹಿರಿಮೆ ತಂದವರನ್ನು ಪಂಪ ಪಟ್ಟಿ ಮಾಡುತ್ತಾನೆ. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ, ಪೌರುಷಕ್ಕೆ ಭೀಮ, ಹೀಗೆ ಸಾಗುವ ಪಟ್ಟಿಯಲ್ಲಿ ಗೆದ್ದವರೂ ಸೋತವರೂ ಒಂದೇ ಸಾಲಿನಲ್ಲಿದ್ದಾರೆ. ಮೊದಲ ಹೆಸರು ಸೋತವನದು. ಬಿಲ್ಲು ಹಿಡಿಯದ ಕವಿಯೊಬ್ಬನಿಗೆ ಇಷ್ಟು ಧೈರ್ಯ ಬರುತ್ತಿತ್ತೋ ಇಲ್ಲವೋ ನಾವು ಹೇಳಲಾರೆವು. ಆದರೆ ಎದುರಾಳಿಯ ಬಾಣದ ರುಚಿ ಕಂಡವನಿಗೆ ಅವನನ್ನು ಹೇಡಿಯೆಂದು ಬರೆಯಲು ಮನಸ್ಸು ಬರಲಾರದು. ಹಾಗೆ ಬರೆದರೆ ತಾನು ಪಟ್ಟ ಭಯವೂ ಸುಳ್ಳಾಗುತ್ತದೆ.

ಜೋಳದ ಪಾಳಿ, ಉಪ್ಪಿನ ಋಣ

ಪಂಪನ ಕಾಲದ ಸೈನಿಕನ ಮನಸ್ಸನ್ನು ಅರಿಯಲು ಒಂದು ಪದ ಬೇಕು. ಅದು ‘ಜೋಳದ ಪಾಳಿ’. ಒಡೆಯನ ಜೋಳವನ್ನು ಉಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟು ಅದು. ಒಡೆಯನ ಸಾವಿನೊಂದಿಗೆ ತಾನೂ ಸಾಯುವೆನೆಂಬ ಪ್ರತಿಜ್ಞೆಗೆ ‘ವೇಳೆವಾಳಿ’ ಎಂಬ ಹೆಸರಿತ್ತು. ಈ ಪದ್ಧತಿಗಳ ವಿವರಗಳನ್ನು ಡಾ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಒಟ್ಟುಗೂಡಿಸಿದ್ದಾರೆ. ಜೋಳ ಬೆಳೆಯುವ ನಾಡಿನಲ್ಲಿ ಋಣಕ್ಕೆ ಜೋಳದ್ದೇ ಹೆಸರು ಬಂದದ್ದು ಸಹಜ.

ಕರ್ಣನ ಸಂಕಟವೆಲ್ಲ ಈ ಜೋಳದ ಪಾಳಿಯದು. ಯುದ್ಧಕ್ಕೆ ಮೊದಲು ಕೃಷ್ಣ ಬಂದು, ನೀನು ಕುಂತಿಯ ಹಿರಿಯ ಮಗ ಎಂದು ಹೇಳುತ್ತಾನೆ. ಎದುರಿಗಿರುವವರು ತಮ್ಮಂದಿರು, ಬೆನ್ನಿಗಿರುವವನು ಅನ್ನವಿಟ್ಟು ಮಾನ ಕೊಟ್ಟ ದುರ್ಯೋಧನ. ತಮ್ಮಂದಿರನ್ನು ಕೊಲ್ಲುವಂತಿಲ್ಲ, ನಂಬಿದ ಒಡೆಯನನ್ನು ಕೊಲ್ಲಿಸುವಂತಿಲ್ಲ. ಹಾಗಾದರೆ ತಾನೇ ರಣದಲ್ಲಿ ಮೊದಲು ಅಳಿಯುವುದೊಂದೇ ದಾರಿ ಎಂದು ಕರ್ಣ ನಿರ್ಧರಿಸುತ್ತಾನೆ. ತಾಯಿ ಕುಂತಿ ಬಂದು ಬೇಡಿದಾಗ, ಅರ್ಜುನನ ಹೊರತು ಉಳಿದ ಮಕ್ಕಳನ್ನು ಕೊಲ್ಲುವುದಿಲ್ಲ, ಉರಿಗಣೆಯನ್ನು ಮತ್ತೆ ಹಿಡಿಯುವುದಿಲ್ಲ ಎಂದು ಮಾತು ಕೊಡುತ್ತಾನೆ. ರಣದಲ್ಲಿ ಆ ಬಾಣ ತಾನೇ ಮರಳಿ ಬಂದು ನನ್ನನ್ನು ತೊಡು ಎಂದಾಗಲೂ ತೊಡುವುದಿಲ್ಲ. ಗೆಲ್ಲುವ ಅವಕಾಶವನ್ನು ಕೊಟ್ಟ ಮಾತಿಗಾಗಿ ಬಿಟ್ಟವನ ಚಿತ್ರವಿದು. ಯುದ್ಧದ ಮೊದಲಲ್ಲಿ ಮುದುಕನೆಂದು ಮೂದಲಿಸಿದ್ದ ಭೀಷ್ಮನನ್ನು ಶರಶಯ್ಯೆಯಲ್ಲಿ ಕಂಡು, ಕಾಲಿಗೆರಗಿ, ಆಡಿದ್ದನ್ನು ಮರೆಯಬೇಕೆಂದು ಬೇಡುವವನೂ ಅದೇ ಕರ್ಣ. ನಾಳೆ ಸಾಯಲಿರುವ ಸೈನಿಕ ಇವತ್ತು ತನ್ನ ಲೆಕ್ಕಗಳನ್ನು ಚುಕ್ತಾ ಮಾಡಿಕೊಳ್ಳುವ ರೀತಿಯಿದು.

ಇದೇ ಋಣಕ್ಕೆ ನಮ್ಮ ಉರ್ದು, ದಖನಿ ಮನೆಗಳಲ್ಲಿ ‘ನಮಕ್ ಹಲಾಲ್’ ಎಂಬ ಮಾತಿದೆ. ಒಂದು ಕಡೆ ಜೋಳ, ಇನ್ನೊಂದು ಕಡೆ ಉಪ್ಪು, ಭಾವ ಒಂದೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ 13 ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿದರು. ಸುಮಾರು 74,000 ಮಂದಿ ಮರಳಿ ಬರಲಿಲ್ಲ. ಫ್ರಾನ್ಸಿನ ಕಂದಕಗಳಿಂದ ಸಿಪಾಯಿಗಳು ಊರಿಗೆ ಬರೆದ ಪತ್ರಗಳನ್ನು ಸೇನೆಯ ತಪಾಸಣಾಧಿಕಾರಿಗಳು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿಟ್ಟರು. ಆ ಕಡತಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಹುಪಾಲು ಪತ್ರಗಳು ಪಂಜಾಬಿನ, ಸರಹದ್ದಿನ ಸಿಖ್, ಮುಸ್ಲಿಮ್, ಹಿಂದೂ ಸಿಪಾಯಿಗಳವು. ಸರಕಾರದ ಉಪ್ಪು ತಿಂದ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಪಕ್ಕದಲ್ಲೇ ಶೋಕ, ಹಳ್ಳಿಯ ನೆನಪು, ನಡುನಡುವೆ ಪದ್ಯದ ಸಾಲುಗಳೂ ಇವೆ. ನೇರವಾಗಿ ಬರೆದರೆ ಅಧಿಕಾರಿ ಅಳಿಸಿಹಾಕುವ ಮಾತನ್ನು ಪದ್ಯವೋ ಒಗಟೋ ಮರೆಮಾಡಿ ಸಾಗಿಸುತ್ತಿತ್ತು.

ನಮ್ಮ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಾ ಪಲ್ಟಣಗಳಲ್ಲಿ ಮರಾಠರ ಜೊತೆಗೆ ದಖನಿ ಮುಸ್ಲಿಮರನ್ನೂ ಸೇರಿಸಿಕೊಳ್ಳಲಾಗುತ್ತಿತ್ತು. ಆ ಪಲ್ಟಣಗಳ ಕೆಲವು ಭಾಗ ಇರಾಕಿನ ಕೂತ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ, 1916ರ ಏಪ್ರಿಲ್ 29ರಂದು ಶರಣಾದ ದಂಡಿನಲ್ಲಿದ್ದವು. ಮುಸ್ಲಿಮ್ ಸಿಪಾಯಿಯ ಮನಸ್ಸಿನಲ್ಲಿ ಆಗ ಕರ್ಣನದೇ ಪ್ರಶ್ನೆ ಎದ್ದಿರಬೇಕು: ಉಪ್ಪು ಇಂಗ್ಲಿಷರದು, ಎದುರಿಗಿರುವವನು ಖಲೀಫನ ಸೈನಿಕ, ಧರ್ಮದಲ್ಲಿ ಸಹೋದರ. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ ಐದನೆಯ ಲೈಟ್ ಇನ್‌ಫೆಂಟ್ರಿಯ ಮುಸ್ಲಿಮ್ ಸಿಪಾಯಿಗಳು ದಂಗೆಯೆದ್ದರು. ತುರ್ಕರ ಮೇಲೆ ಕಾದಲು ನಮ್ಮನ್ನು ಒಯ್ಯುತ್ತಾರೆಂಬ ಆತಂಕ ಅದರ ಕಾರಣಗಳಲ್ಲಿ ಒಂದು. ಆಮೇಲೆ 47 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ದಂಗೆಯೇಳದೆ ಉಪ್ಪಿನ ಋಣ ತೀರಿಸಿದ ಸಾವಿರಾರು ಮಂದಿ ಮನಸ್ಸಿನಲ್ಲಿ ಹೊತ್ತು ತಂದ ಭಾರವೇನು ಎಂಬುದನ್ನು ಯಾವ ಕಡತವೂ ಹೇಳುವುದಿಲ್ಲ.

ಮನಶ್ಶಾಸ್ತ್ರದ ಕಣ್ಣು

ಈ ಭಾರಕ್ಕೆ ಹೆಸರಿಡಲು ಆಧುನಿಕ ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯ ‘ಶೆಲ್ ಶಾಕ್’ ಎಂಬ ಪದವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಗಾಯವಿಲ್ಲದೆಯೇ ಮಾತು, ದೃಷ್ಟಿ, ನೆನಪು ಕಳೆದುಕೊಂಡ ಸೈನಿಕರನ್ನು ಕಂಡು ಹೊಳೆದ ಪದವದು. 1917ರಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ವಿಲ್ಫ್ರೆಡ್ ಓವೆನ್ ಮತ್ತು ಸೀಗ್‌ಫ್ರೀಡ್ ಸಸೂನ್ ಎಂಬ ಇಬ್ಬರು ಯೋಧಕವಿಗಳು ಭೇಟಿಯಾದರು. ಯುದ್ಧದ ವೈಭವದ ಮಾತುಗಳೆಲ್ಲ ಸುಳ್ಳೆಂದು ಬರೆದ ಓವೆನ್ ಮತ್ತೆ ರಣಕ್ಕೆ ಹೋಗಿ, ಯುದ್ಧ ಮುಗಿಯಲು ಒಂದು ವಾರವಿರುವಾಗ, 1918ರ ನವೆಂಬರ್ 4ರಂದು ಸತ್ತರು. ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಈ ಬಾಧೆಯನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ಅಧಿಕೃತ ಪಟ್ಟಿಗೆ ಸೇರಿಸಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ.

ಇಲ್ಲಿಂದ ನಮ್ಮ ವಿಷಯಕ್ಕೆ ಹತ್ತಿರವಾಗುವವರು ಜೊನಾಥನ್ ಶೇ. ಬಾಸ್ಟನ್ನಿನಲ್ಲಿ ವಿಯೆಟ್ನಾಂ ಮಾಜಿ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಈ ಮನೋವೈದ್ಯರು, ಸೈನಿಕರ ಮಾತುಗಳಲ್ಲಿ ಗ್ರೀಕ್ ಮಹಾಕಾವ್ಯ ‘ಇಲಿಯಡ್’ನ ಪ್ರತಿಧ್ವನಿ ಕೇಳಿ, 1994ರಲ್ಲಿ ‘ಅಕಿಲೀಸ್ ಇನ್ ವಿಯೆಟ್ನಾಂ’ ಎಂಬ ಪುಸ್ತಕ ಬರೆದರು. ಅವರ ಮೂರು ಮಾತುಗಳು ಮುಖ್ಯ. ಸೈನಿಕನನ್ನು ಸಾವಿನ ಭಯದ ಜೊತೆಗೆ ಅನ್ಯಾಯದ ಅರಿವೂ ಒಡೆಯುತ್ತದೆ. ಸರಿಯಾದುದನ್ನು ಕಾಯಬೇಕಾದ ಮೇಲಿನವರೇ ಅದಕ್ಕೆ ದ್ರೋಹ ಬಗೆದಾಗ ಆಗುವುದು ನೈತಿಕ ಗಾಯ. ಎರಡನೆಯದು, ವೈರಿಯನ್ನು ಮನುಷ್ಯನೇ ಅಲ್ಲವೆಂದು ಕಲಿಸಿ ಕಳುಹಿಸಿದ ಸೇನೆ ತನ್ನ ಸೈನಿಕನನ್ನೇ ಹಾಳುಮಾಡುತ್ತದೆ. ಹುಳುವನ್ನು ಕೊಂದೆ ಎಂದುಕೊಂಡವನ ಯುದ್ಧಕ್ಕೆ ಮಾನವಿಲ್ಲ, ಮನೆಗೆ ಬಂದ ಮೇಲೆ ನಿದ್ದೆಯೂ ಇಲ್ಲ. ಹೋಮರನ ಯೋಧರು ವೈರಿಯನ್ನು ಗೌರವಿಸಿಯೇ ಕಾದುತ್ತಾರೆ. ಮೂರನೆಯದು, ಸೈನಿಕನ ಶೋಕವನ್ನು ಊರು ಹಂಚಿಕೊಳ್ಳಬೇಕು; ಒಬ್ಬನೇ ಹೊತ್ತರೆ ಅದು ವಾಸಿಯಾಗದು.

ಈ ಮಾತುಗಳನ್ನು ಹಿಡಿದು ಪಂಪನನ್ನು ಓದಿದರೆ ಕರ್ಣನ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಹುಟ್ಟಿನ ಗುಟ್ಟನ್ನು ಬಚ್ಚಿಟ್ಟವರು, ಯುದ್ಧದ ಹೊಸ್ತಿಲಲ್ಲಿ ಅದನ್ನು ಹೇಳಿ ಕೈಕಟ್ಟಿದವರು ಎಲ್ಲರೂ ಅವನಿಗಿಂತ ದೊಡ್ಡವರೇ. ಅವನ ಗಾಯ ಬಾಣದ್ದಾಗುವ ಮೊದಲು ನೈತಿಕ ಗಾಯ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಸಾವಿರ ವರ್ಷದ ಹಿಂದಿನ ಕವಿಯನ್ನು ಹಾಸಿಗೆಯಲ್ಲಿ ಮಲಗಿಸಿ ರೋಗ ನಿರ್ಣಯ ಮಾಡುವುದು ಸಲ್ಲದು. ಪಂಪ ಯುದ್ಧ ವಿರೋಧಿಯೂ ಅಲ್ಲ. ಕೈಚಳಕ, ಬಿಲ್ಗಾರಿಕೆ, ಕಲಿತನವನ್ನು ಅವನು ಮನಸಾರೆ ಹೊಗಳಿದ್ದಾನೆ. ನಮಗೆ ಕಾಣುವುದು ಇಷ್ಟೇ: ಹೊಗಳುವಾಗಲೂ ಅವನು ವೈರಿಯ ಮುಖವನ್ನು ಅಳಿಸಲಿಲ್ಲ.

ಅಲೆಪ್ಪೊದ ಸಮಕಾಲೀನ

ಪಂಪ ಕಾವ್ಯ ಬರೆದು ಮುಗಿಸಿದ ಕಾಲಕ್ಕೆ ಸಿರಿಯಾದಲ್ಲಿ ಇನ್ನೊಬ್ಬ ಯೋಧಕವಿ ಬೆಳೆಯುತ್ತಿದ್ದ. ಅವನೇ ಅಬೂ ಫಿರಾಸ್ ಅಲ್ ಹಮ್ದಾನಿ. 932ರಲ್ಲಿ ಹುಟ್ಟಿದ ಈತ ಅಲೆಪ್ಪೊದ ದೊರೆ ಸೈಫುದ್ದೌಲನ ದಾಯಾದಿ. ಆ ಆಸ್ಥಾನದಲ್ಲಿ ಜಯಗಳನ್ನು ಹಾಡಲು ಅಲ್ ಮುತನಬ್ಬಿಯಂಥ ಮಹಾಕವಿಯಿದ್ದ. ಅಬೂ ಫಿರಾಸನೂ ಮೊದಲು ಶೌರ್ಯದ ಕವಿತೆಗಳನ್ನೇ ಬರೆದ. ಆದರೆ 962ರಲ್ಲಿ ಬೈಝಂಟೈನರು ಅವನನ್ನು ಸೆರೆಹಿಡಿದು ಕಾನ್‌ಸ್ಟಾಂಟಿನೋಪಲ್ಲಿಗೆ ಒಯ್ದರು. ಬಿಡುಗಡೆಯಾದದ್ದು 966ರಲ್ಲಿ. ಸೆರೆಮನೆಯಲ್ಲಿ ಬರೆದ ಕವಿತೆಗಳು ‘ರೂಮಿಯ್ಯಾತ್’ ಎಂಬ ಹೆಸರಿನಿಂದ ಅರಬಿ ಸಾಹಿತ್ಯದಲ್ಲಿ ಉಳಿದವು. ಅವುಗಳಲ್ಲಿ ಕತ್ತಿ ಹಿನ್ನೆಲೆಗೆ ಸರಿದಿದೆ. ಮಗನ ಬಿಡುಗಡೆಗಾಗಿ ಕಾದ ತಾಯಿಯಿದ್ದಾಳೆ, ಕಿಟಕಿಯಾಚೆ ಕೂಗುವ ಪಾರಿವಾಳವಿದೆ, ಬಿಡಿಸಲು ತಡಮಾಡಿದ ಸ್ವಂತ ದೊರೆಯ ಮೇಲಿನ ನೋವಿದೆ. ಅವನು ಸೆರೆಯಲ್ಲಿರುವಾಗಲೇ ತಾಯಿ ತೀರಿಕೊಂಡಳು. ಬಿಡುಗಡೆಯಾಗಿ ಎರಡೇ ವರ್ಷಕ್ಕೆ, 968ರಲ್ಲಿ, ಸೋದರಳಿಯನ ಸೈನ್ಯದೊಂದಿಗೆ ನಡೆದ ಕಾಳಗದಲ್ಲಿ ಸತ್ತ. ಅವನನ್ನು ಕೊಂದದ್ದು ಬೈಝಂಟೈನರಲ್ಲ, ಮನೆಯವರ ದಂಡು. ಸಾವಿರ ವರ್ಷಗಳ ನಂತರ ಈಜಿಪ್ಟಿನ ಗಾಯಕಿ ಉಮ್ಮು ಕುಲ್ಸೂಮ್ ಅವನದೊಂದು ಕವಿತೆಯನ್ನು ಹಾಡಿದಾಗ ಅರಬ್ ಜಗತ್ತೇ ಕಿವಿಗೊಟ್ಟಿತು.

ಪಂಪನಿಗೆ ಅಬೂ ಫಿರಾಸ್ ಗೊತ್ತಿರಲಿಲ್ಲ, ಅವನಿಗೆ ಪಂಪನ ಹೆಸರೂ ತಿಳಿದಿರಲಿಲ್ಲ. ಒಬ್ಬ ಜೈನ, ಒಬ್ಬ ಮುಸ್ಲಿಮ್. ಒಬ್ಬನದು ಕನ್ನಡ, ಒಬ್ಬನದು ಅರಬಿ. ಆದರೂ ಇಬ್ಬರೂ ಜಯದ ಕವಿತೆ ಬರೆಯಲು ಹೊರಟು, ತಾಯಿ, ಋಣ, ಒಡೆಯನ ಮೌನ ಎಂಬ ಅದೇ ಮೂರು ಗಾಯಗಳ ಬಳಿ ಬಂದು ನಿಂತರು. ಸೈನಿಕನ ಮನಸ್ಸಿಗೆ ಧರ್ಮ ಬೇರೆಯಿರಬಹುದು, ನೋವಿನ ವ್ಯಾಕರಣ ಬೇರೆಯಿಲ್ಲ.

ಗೆದ್ದವನು ಬಿಟ್ಟದ್ದು

ಪಂಪನ ಇನ್ನೊಂದು ಕಾವ್ಯವಾದ ‘ಆದಿಪುರಾಣ’ದಲ್ಲಿ ಭರತ ಮತ್ತು ಬಾಹುಬಲಿ ಎಂಬ ಅಣ್ಣತಮ್ಮಂದಿರ ನಡುವೆ ರಾಜ್ಯಕ್ಕಾಗಿ ಯುದ್ಧ ಬರುತ್ತದೆ. ಇಬ್ಬರ ಹಟಕ್ಕೆ ಸಾವಿರಾರು ಸೈನಿಕರು ಏಕೆ ಸಾಯಬೇಕೆಂದು ಮಂತ್ರಿಗಳು ಎರಡೂ ದಂಡುಗಳನ್ನು ತಡೆದು, ಅಣ್ಣತಮ್ಮಂದಿರೇ ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ತೀರ್ಮಾನಿಸಿಕೊಳ್ಳಲಿ ಎನ್ನುತ್ತಾರೆ. ಮೂರರಲ್ಲೂ ಗೆದ್ದ ಬಾಹುಬಲಿಗೆ ಗೆದ್ದ ಗಳಿಗೆಯಲ್ಲೇ ಗೆಲುವು ಬೇಡವಾಗುತ್ತದೆ. ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋಗುತ್ತಾನೆ. ಜೈನ ಪುರಾಣದ ಕಥೆ ನಿಜ. ಆದರೆ ಅದನ್ನು ಕನ್ನಡದಲ್ಲಿ ಇಷ್ಟು ತೀವ್ರವಾಗಿ ಹೇಳಿದವನು ಕತ್ತಿ ಹಿಡಿದವನು ಎಂಬುದನ್ನು ನಾವು ಮರೆಯಬಾರದು.

ಇದು ಒಬ್ಬನ ಮಾತಾಗಿ ಉಳಿಯಲಿಲ್ಲ. ಗಂಗರ ಸೇನಾಪತಿ ಚಾವುಂಡರಾಯ ಹಲವು ಕಾಳಗಗಳಲ್ಲಿ ಗೆದ್ದು ಬಿರುದುಗಳನ್ನು ಪಡೆದವನು. 978ರಲ್ಲಿ ಕನ್ನಡ ಗದ್ಯದಲ್ಲಿ ‘ಚಾವುಂಡರಾಯ ಪುರಾಣ’ವನ್ನು ಬರೆದವನೂ ಅವನೇ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದ ಮೂರ್ತಿಯನ್ನು ನಿಲ್ಲಿಸಲು ಅವನು ಆರಿಸಿಕೊಂಡದ್ದು ಯಾವ ಜಯಶಾಲಿಯನ್ನೂ ಅಲ್ಲ, ಆಯುಧ ಕೆಳಗಿಟ್ಟ ಬಾಹುಬಲಿಯನ್ನು. ಸೇನಾಪತಿಯೊಬ್ಬನ ಮನಸ್ಸು ಕೊನೆಗೆ ಏನನ್ನು ಬಯಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಕಲ್ಲು ಹೇಳದ್ದನ್ನು ಪದ ಹೇಳಿತು

ಎಲ್ಲ ಸೈನಿಕರೂ ಕಾವ್ಯ ಬರೆಯುವುದಿಲ್ಲ. ಬರೆಯಲಾರದವರಿಗೆ ಊರು ವೀರಗಲ್ಲು ನೆಟ್ಟಿತು. ಅಣ್ಣಿಗೇರಿ, ನವಲಗುಂದ, ಕುಂದಗೋಳದ ಹಳ್ಳಿಗಳಲ್ಲಿ ಗುಡಿಯ ಮಗ್ಗುಲಿಗೋ ಕೆರೆಯ ದಂಡೆಗೋ ಇಂಥ ಕಲ್ಲುಗಳನ್ನು ಕಾಣಬಹುದು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರು ಕಾಯ್ದವರು, ಹೆಣ್ಣುಮಕ್ಕಳ ಮಾನ ಕಾಯಲು ಸತ್ತವರು, ಊರಳಿವಿನಲ್ಲಿ ಬಿದ್ದವರು ಈ ಕಲ್ಲುಗಳಲ್ಲಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಅವರು ಸ್ಮಾರಕ ಶಿಲೆಗಳ ಬಗ್ಗೆ ತಂದ ದೊಡ್ಡ ಗ್ರಂಥ ಈ ಲೋಕವನ್ನು ವಿದ್ವಾಂಸರ ಮುಂದಿಟ್ಟಿತು.

ವೀರಗಲ್ಲು ಸತ್ತವನಿಗೆ ಗೌರವ ಕೊಡುತ್ತದೆ, ಮನೆಯವರಿಗೆ ಸಮಾಧಾನ ಕೊಡುತ್ತದೆ. ಆದರೆ ಭಯವನ್ನು, ಬಾಯಾರಿಕೆಯನ್ನು, ಮಕ್ಕಳ ಅಳುವನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳಿದ್ದು ನಮ್ಮ ಹಳ್ಳಿಗಳ ಮೊಹರಂ ಪದಗಳು. ಹಿಜರಿ 61ರ ಮೊಹರಂ ಹತ್ತರಂದು, ಕ್ರಿ.ಶ. 680ರಲ್ಲಿ, ಇರಾಕಿನ ಕರ್ಬಲಾದಲ್ಲಿ ಹಝ್ರತ್ ಇಮಾಮ್ ಹುಸೈನ್(ರ) ಮತ್ತು ಅವರ ಸಂಗಾತಿಗಳು ಹುತಾತ್ಮರಾದರು. ಆ ಯುದ್ಧದ ಕಥೆಯನ್ನು ಉತ್ತರ ಕರ್ನಾಟಕದ ರೈತರು ರಿವಾಯತ್ ಪದ, ಅಲಾವಿ ಪದ, ಹೆಜ್ಜೆ ಪದಗಳಾಗಿ ಅಚ್ಚ ಕನ್ನಡದಲ್ಲಿ ಹಾಡುತ್ತ ಬಂದಿದ್ದಾರೆ. ಮುಸ್ಲಿಮರ ಒಂದೂ ಮನೆಯಿಲ್ಲದ ಹಳ್ಳಿಗಳಲ್ಲಿ ಕೂಡ ಹಾಡುವ ಮೇಳಗಳಿವೆ. ಈ ಆಚರಣೆಗಳ ಧಾರ್ಮಿಕ ಸರಿತಪ್ಪುಗಳ ಬಗ್ಗೆ ನಮ್ಮೊಳಗೆ ಚರ್ಚೆಯಿದೆ, ಅದು ಇರಬೇಕಾದದ್ದೇ. ಇಲ್ಲಿ ನಾವು ನೋಡುತ್ತಿರುವುದು ಆ ಪದಗಳ ಸಾಹಿತ್ಯವನ್ನು. ಅವು ಹಾಡುವುದು ಗೆದ್ದವರನ್ನಲ್ಲ. ನೀರು ತರಲು ಹೋಗಿ ಕೈ ಕಳೆದುಕೊಂಡ ಅಬ್ಬಾಸ್, ಬಾಯಾರಿದ ಸಕೀನಾ, ತೊಟ್ಟಿಲ ಕೂಸು ಅಸ್ಗರ್ ಅವುಗಳ ನಾಯಕರು. ಹಾಡುವ ಗೌಡರ ಹುಡುಗನಿಗೆ ಕರ್ಬಲಾ ಎಲ್ಲಿದೆಯೆಂದು ಗೊತ್ತಿರಲಿಕ್ಕಿಲ್ಲ. ನೀರಿಲ್ಲದ ಬೇಸಿಗೆಯಲ್ಲಿ ಕೂಸು ಅಳುವುದು ಹೇಗಿರುತ್ತದೆಂದು ಬೆಳ್ವೊಲದವನಿಗೆ ಹೇಳಿಕೊಡಬೇಕಾಗಿಲ್ಲ.

ಶಿಶುನಾಳ ಷರೀಫರೂ ಇಂಥ ಪದಗಳನ್ನು ಕಟ್ಟಿದರು. ಅವರ ಗುರು ಗೋವಿಂದ ಭಟ್ಟರು ಕುಂದಗೋಳ ತಾಲೂಕಿನ ಕಳಸದವರು. ಬ್ರಾಹ್ಮಣ ಗುರು, ಮುಸ್ಲಿಮ್ ಶಿಷ್ಯ, ಅರಬಸ್ಥಾನದ ಶೋಕ, ಧಾರವಾಡದ ಕನ್ನಡ ಎಲ್ಲವೂ ಒಂದೇ ಪದದಲ್ಲಿ ಕೂಡಿದವು. ಶೇ ಹೇಳಿದ ಊರು ಹಂಚಿಕೊಳ್ಳುವ ಶೋಕ ಇದೇ. ಒಂದು ಮನೆಯ ಸಾವನ್ನು ಊರೆಲ್ಲ ನೆನೆಯುವ ಪದ್ಧತಿ ಇರುವ ಕಡೆ, ಯುದ್ಧದಿಂದ ಮರಳಿದವನ ಮೌನಕ್ಕೂ ಒಂದು ಜಾಗ ಸಿಗುತ್ತದೆ.

ಬೆಟದೂರಿನ ಪ್ರಶ್ನೆ

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕವರು ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೇಶವೆಲ್ಲ ಪ್ರಾರ್ಥಿಸಿತು, ಗುಡಿ, ಮಸೀದಿ, ಚರ್ಚು ಎನ್ನದೆ ಎಲ್ಲೆಡೆ ಅವರಿಗಾಗಿ ಕೈಯೆತ್ತಿದವರಿದ್ದರು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರನ್ನು ಕೊಂದದ್ದು ವೈರಿಯ ಗುಂಡಲ್ಲ, ಹಿಮ. ಅದೇ ಹಿಮದಡಿ ಗಡಿಯಾಚೆಯ ಸೈನಿಕರೂ ಸತ್ತಿದ್ದಾರೆ; 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಹಿಮಪಾತಕ್ಕೆ ಸಿಕ್ಕ ಪಾಕಿಸ್ತಾನಿ ಸೈನಿಕರು ನೂರಕ್ಕೂ ಹೆಚ್ಚು.

ನಮ್ಮ ತಾಲೂಕುಗಳಿಂದ ಇಂದಿಗೂ ಹುಡುಗರು ಸೇನೆಗೆ ಸೇರುತ್ತಾರೆ. ಮಳೆ ನಂಬಿದ ಎರೆಹೊಲ ಕೈಕೊಟ್ಟಾಗ ಸೇನೆಯ ಸಂಬಳ ಮನೆ ಕಾಯುತ್ತದೆ. ಹೊಸ ಕಾಲದ ಜೋಳದ ಪಾಳಿ ಅದು. ಅವರು ರಜೆಗೆ ಬಂದಾಗ, ನಿವೃತ್ತರಾಗಿ ಬಂದಾಗ, ನಾವು ಕೇಳುವುದು ಎಷ್ಟು ಜನರನ್ನು ಹೊಡೆದಿರಿ ಎಂದು. ಅವರು ನಕ್ಕು ಸುಮ್ಮನಾಗುತ್ತಾರೆ. ಟಿವಿ ಸ್ಟುಡಿಯೋಗಳಲ್ಲಿ ಯುದ್ಧ ಬೇಕೆಂದು ಕೂಗುವವರ ಸದ್ದಿನಲ್ಲಿ ಆ ಮೌನ ಯಾರಿಗೂ ಕೇಳುವುದಿಲ್ಲ. ವೈರಿಯನ್ನು ಹುಳುವೆಂದು ಕರೆಯುವ ಆ ಭಾಷೆ ಗಡಿಯಲ್ಲೇ ನಿಲ್ಲುವುದೂ ಇಲ್ಲ. ಊರೊಳಗೆ ಬಂದು ಪಕ್ಕದ ಮನೆಯವನ ಹೆಸರು, ಗಡ್ಡ, ಉಡುಪನ್ನು ಹುಡುಕುತ್ತದೆ. ಸೈನಿಕನ ಹೆಸರಿನಲ್ಲಿ ಆಡುವ ಈ ದ್ವೇಷದ ಮಾತನ್ನು ಸೈನಿಕ ಕವಿಗಳು ಯಾರೂ ಆಡಿಲ್ಲ. ಅಣ್ಣಿಗೇರಿಯ ನಂಟಿನ ಪಂಪ ಆಡಲಿಲ್ಲ, ಅಲೆಪ್ಪೊದ ಅಬೂ ಫಿರಾಸ್ ಆಡಲಿಲ್ಲ, ಫ್ರಾನ್ಸಿನ ಕಂದಕದಲ್ಲಿದ್ದ ಓವೆನ್ ಆಡಲಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದು ದೊಡ್ಡದೇನಲ್ಲ. ನಮ್ಮ ಶಾಲೆಗಳಲ್ಲಿ ಪಂಪನನ್ನು ಅಂಕಗಳಿಗಾಗಿ ಓದಿಸುವ ಬದಲು ಕರ್ಣ ಮತ್ತು ಭೀಷ್ಮರ ಭೇಟಿಯ ಭಾಗವನ್ನು ಹೊಸಗನ್ನಡದಲ್ಲಿ ಒಮ್ಮೆ ಓದಿ ಹೇಳಬಹುದು. ಮೊಹರಂ ಪದ ಬಲ್ಲ ಮುದುಕರು ಊರಲ್ಲಿ ಇನ್ನೂ ಇರುವಾಗಲೇ ಅವರ ಪದಗಳನ್ನು ಬರೆದಿಟ್ಟುಕೊಳ್ಳಬಹುದು. ನಿದ್ದೆಗೆಟ್ಟು, ಸಿಟ್ಟಾಗಿ, ಒಂಟಿಯಾಗಿ ಕುಳಿತ ಮಾಜಿ ಸೈನಿಕನಿಗೆ ದೆವ್ವ ಹಿಡಿದಿದೆ ಎನ್ನದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಜೊತೆಗೆ ಹೋಗಿ ಬರಬಹುದು. ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳುವ ಬದಲು, ಅಲ್ಲಿ ನಿಮ್ಮ ಜೊತೆಗಿದ್ದವರು ಯಾರು, ಈಗ ಎಲ್ಲಿದ್ದಾರೆ ಎಂದು ಕೇಳಬಹುದು. ಹಾಗೆ ಕೇಳಿದರೆ ಅವರು ಮೊದಲು ಹೇಳುವುದು ಮರಳಿ ಬರದ ಗೆಳೆಯನೊಬ್ಬನ ಹೆಸರಿರಬಹುದು. ಕುಳಿತು ಕೇಳುವವರಿದ್ದರೆ, ಮೆಲ್ಲಗೆ, ಎದುರಿಗಿದ್ದವನ ಮುಖವೂ ಆ ಮಾತಿನೊಳಗೆ ಬಂದೀತು.